ಹುಲಿಕುಂಟೆಗೆ ಬಂದ ಕಡಲ ತುಕ್ಕು

ಬೇಸಿಗೆ ರಜೆ ಬಂತೆಂದರೆ ನನ್ನ ಹೆಂಡತಿಯ ತವರಿನಿಂದ ಫೋನು ಬರುವುದು ವಾಡಿಕೆ. "ಭಾವ, ಹುಣಸೆಹಣ್ಣು ಬಡಿಸಿದೀವಿ, ಬಂದು ಹೋಗಿ" ಎನ್ನುವುದು ಭಾವಮೈದುನನ ಪ್ರತಿ ವರ್ಷದ ಒಕ್ಕಣೆ. ಈ ಸಲ ಮಾತನಾಡಿದವಳು ಅವನ ಮಗಳು. ಜೂನಿಗೆ ಹತ್ತನೆಯ ತರಗತಿಗೆ ಕಾಲಿಡುವ ಹುಡುಗಿ. "ಮಾವ, ನಮ್ಮ ಜೀಪಿನ ಕೆಳಗೆ ದಿನಾ ಕೆಂಪು ಪುಡಿ ಉದುರ್ತೈತೆ. ಬೆಂಕಿಪೊಟ್ಟಣದಾಗೆ ಕೂಡಿಟ್ಟಿದೀನಿ. ಅಪ್ಪನ್ನ ಕೇಳಿದ್ರೆ ಬರೀ ಮಣ್ಣು ಅಂತಾರೆ. ನೀವೇ ಬಂದು ನೋಡಿ."

ಮೂವತ್ತು ವರ್ಷ ವಿಜ್ಞಾನ ಪಾಠ ಹೇಳಿದವನಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕೆ? ಮರುದಿನವೇ ತುಮಕೂರಿನಲ್ಲಿ ಬಸ್ಸು ಹತ್ತಿದೆ.

ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಗೆ ಹಿಂದೆ 4ನೇ ನಂಬರು, ಈಗ 48. ಸೀಬಿಯ ನರಸಿಂಹಸ್ವಾಮಿ ಗುಡಿ ದಾಟಿ, ಕಳ್ಳಂಬೆಳ್ಳ ದಾಟಿದರೆ ಬಯಲುಸೀಮೆ ತನ್ನ ನಿಜರೂಪ ತೋರಿಸುತ್ತದೆ. ಕೆಂಪು ಮಣ್ಣು, ಬೋಳು ಬಂಡೆ, ಜಾಲಿ, ಬೇಲಿಯುದ್ದಕ್ಕೂ ತಂಗಡಿ ಗಿಡ. ಶಿರಾದಲ್ಲಿ ಬಸ್ಸು ಬದಲಿಸಬೇಕು. ಒಂದು ಕಾಲಕ್ಕೆ ಮೊಗಲರ ಸುಬೇದಾರರು ಕುಳಿತು ಆಳಿದ ಊರು ಅದು. ಈಗ ಹೆದ್ದಾರಿಯ ಲಾರಿಗಳ ಊರು. ಆದ್ದರಿಂದ ಗ್ಯಾರೇಜುಗಳಿಗೆ ಬರವಿಲ್ಲ.

ಹುಲಿಕುಂಟೆ ಶಿರಾ ತಾಲ್ಲೂಕಿನ ಒಂದು ಹೋಬಳಿ. ಕುಂಟೆ ಎಂದರೆ ಸಣ್ಣ ಕೆರೆ, ನೀರು ನಿಲ್ಲುವ ಹೊಂಡ. ಶಿರಾ, ಮಧುಗಿರಿ, ಪಾವಗಡದ ಕಡೆ ಊರ ಹೆಸರುಗಳಲ್ಲಿ ಕುಂಟೆ, ಕೆರೆ, ಹಳ್ಳ ಧಾರಾಳವಾಗಿವೆ. ನೀರು ಮಾತ್ರ ಕಡಿಮೆ. ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಉಡುಪಿ ಕಡೆ ಇದರ ಆರೇಳು ಪಟ್ಟು ಸುರಿಯುತ್ತದೆ. ಈ ಲೆಕ್ಕ ನೆನಪಿರಲಿ. ನಮ್ಮ ಕಥೆಯ ಗಂಟು ಅಲ್ಲೇ ಇದೆ.

ಮನೆ ಮುಂದೆ ಬೇವಿನ ಮರದ ನೆರಳಲ್ಲಿ ಜೀಪು ನಿಂತಿತ್ತು. ಹಳೆಯ ಡೀಸೆಲ್ ಗಾಡಿ, ಎರಡು ವರ್ಷದ ಹಿಂದೆ ದಲ್ಲಾಳಿಯೊಬ್ಬನ ಮೂಲಕ ಕೊಂಡದ್ದು. ಹೊರಗೆ ಹಸಿರು ಬಣ್ಣ ಮಿರಮಿರ ಮಿಂಚುತ್ತಿತ್ತು. ಹೊಲಕ್ಕೆ ಗೊಬ್ಬರ, ಶಿರಾಕ್ಕೆ ಕಡಲೆಕಾಯಿ, ಬೆಳಗ್ಗೆ ಎರಡು ಹೆಣ್ಣುಮಕ್ಕಳನ್ನು ಬಸ್‌ಸ್ಟಾಪಿಗೆ ಬಿಡುವುದು, ಎಲ್ಲಕ್ಕೂ ಅದೇ. ತೋಟದ ಕಲ್ಲುದಾರಿಯಲ್ಲಿ ಬೇರೆ ಗಾಡಿ ಓಡುವಂತಿಲ್ಲ.

"ನಮ್ ಸೀಮೇಲಿ ಮಳೇನೇ ಇಲ್ಲ. ತುಕ್ಕು ಎಲ್ಲಿಂದ ಬರ್ಬೇಕು ಭಾವ?" ಎಂದು ಭಾವಮೈದುನ ನಕ್ಕ. ಮಗಳು ಮಾತಾಡದೆ ನಂಬರ್ ಪ್ಲೇಟಿನ ಕಡೆ ಬೆರಳು ತೋರಿಸಿದಳು. ಕೆಎ-20. ಅದು ಉಡುಪಿಯ ಸಂಖ್ಯೆ. ಕಾಗದಪತ್ರ ತೆಗೆಸಿದರೆ ಮೊದಲ ಮಾಲೀಕರ ವಿಳಾಸ ಕುಂದಾಪುರದ ಕಡೆಯದು. ಹತ್ತು ವರ್ಷಕ್ಕೂ ಮೇಲೆ ಆ ಜೀಪು ಕಡಲ ಗಾಳಿ ಕುಡಿದಿತ್ತು.

ಪುಟ್ಟ ಓದುಗರು ಶಾಲೆಯಲ್ಲಿ ಮಾಡಿರಬಹುದಾದ ಪ್ರಯೋಗವೊಂದನ್ನು ಇಲ್ಲಿ ನೆನೆಯಬೇಕು. ಮೂರು ಪ್ರನಾಳ, ಮೂರರಲ್ಲೂ ಕಬ್ಬಿಣದ ಮೊಳೆ. ಒಂದರಲ್ಲಿ ಮಾಮೂಲಿ ನೀರು. ಇನ್ನೊಂದರಲ್ಲಿ ಕುದಿಸಿ ಗಾಳಿ ಹೊರಹಾಕಿದ ನೀರು, ಮೇಲೆ ಎಣ್ಣೆಯ ಪದರ. ಮೂರನೆಯದರಲ್ಲಿ ತೇವ ಹೀರುವ ಕ್ಯಾಲ್ಸಿಯಂ ಕ್ಲೋರೈಡ್, ಅಂದರೆ ಬರೀ ಒಣಗಾಳಿ. ಕೆಲವು ದಿನ ಬಿಟ್ಟು ನೋಡಿದರೆ ಮೊದಲ ಮೊಳೆಗೆ ಮಾತ್ರ ತುಕ್ಕು. ನೀರು ಮತ್ತು ಆಮ್ಲಜನಕ ಎರಡೂ ಕೂಡಿದರೇ ತುಕ್ಕು ಎಂಬುದು ಇದರ ತಾತ್ಪರ್ಯ. ಮೊದಲ ಪ್ರನಾಳಕ್ಕೆ ಚಿಟಿಕೆ ಉಪ್ಪು ಹಾಕಿ ನೋಡಿ, ತುಕ್ಕು ಇನ್ನೂ ಬೇಗ ಬರುತ್ತದೆ. ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಡುವುದು ಒಂದು ಜಾಗದಲ್ಲಿ, ನೀರು ಮತ್ತು ಆಮ್ಲಜನಕ ಅವನ್ನು ಪಡೆಯುವುದು ಇನ್ನೊಂದು ಜಾಗದಲ್ಲಿ. ನಡುವೆ ವಿದ್ಯುತ್ತು ಹರಿಯಲು ಉಪ್ಪುನೀರು ಸಲೀಸಾದ ದಾರಿ.

ಉಪ್ಪಿಗೆ ಇನ್ನೊಂದು ಗುಣವಿದೆ. ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಜಾಡಿ ತಾನೇ ಒದ್ದೆಯಾಗುವುದನ್ನು ನೋಡಿದ್ದೀರಲ್ಲ? ಕರಾವಳಿಯ ಉಪ್ಪು ಮಿಶ್ರಿತ ಕೆಸರು ಜೀಪಿನ ಟೊಳ್ಳಿನೊಳಗೆ ಕೂತಿತ್ತು. ಶಿರಾದ ಒಣಹವೆಯಲ್ಲೂ ಅದು ರಾತ್ರಿಯ ಇಬ್ಬನಿಯನ್ನು ಹೀರಿ ತೇವವಾಗಿಯೇ ಉಳಿಯುತ್ತಿತ್ತು. ಸಾಲದ್ದಕ್ಕೆ ಭಾವಮೈದುನ ವಾರವಾರ ಕೊಳವೆಬಾವಿಯ ಗಡುಸು ನೀರಲ್ಲಿ ಗಾಡಿ ತೊಳೆಯುತ್ತಿದ್ದ. ಬಕೆಟ್ಟಿಗೆ ಬಿಳಿ ಕರೆ ಕಟ್ಟುವ ನೀರು ಅದು.

ನಾನು ಗೋಣಿಚೀಲ ಹಾಸಿ ಜೀಪಿನಡಿ ಮಲಗಿದೆ. ಹುಡುಗಿ ಟಾರ್ಚು ಹಿಡಿದಳು. ಜೀಪಿಗೆ ಚಾಸಿ ಎಂದರೆ ಮನೆಗೆ ತೊಲೆಯಿದ್ದ ಹಾಗೆ. ಉದ್ದಕ್ಕೆ ಎರಡು ಉಕ್ಕಿನ ತೊಲೆ, ನಡುನಡುವೆ ಅಡ್ಡಪಟ್ಟಿ, ನೋಡಲು ಥೇಟು ಏಣಿ. ಎಂಜಿನ್ನು, ಬಾಡಿ, ಸ್ಪ್ರಿಂಗ್ ಪಟ್ಟಿ, ಸ್ಟೀರಿಂಗು ಎಲ್ಲವೂ ಇದರ ಆಸರೆಯಲ್ಲೇ ನಿಲ್ಲಬೇಕು. ಎರಡನೇ ಮಹಾಯುದ್ಧಕ್ಕೆಂದು ಅಮೆರಿಕದಲ್ಲಿ ಹುಟ್ಟಿದ ಜೀಪು ನಮ್ಮ ದೇಶಕ್ಕೆ ಬಂದು, 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿಯವರು ಮುಂಬಯಿಯಲ್ಲಿ ಜೋಡಿಸಲು ತೊಡಗಿದಾಗಲೂ ಅದರ ಬೆನ್ನೆಲುಬು ಈ ಏಣಿಯೇ.

ಸಣ್ಣ ಸುತ್ತಿಗೆಯಿಂದ ಮುಂದಿನಿಂದ ಹಿಂದಕ್ಕೆ ತಟ್ಟುತ್ತ ಹೋದೆ. ಎಂಜಿನ್ನಿನ ಬಳಿ ಠಣ್ ಠಣ್. ಹಿಂದಿನ ಚಕ್ರದ ಹತ್ತಿರ, ಸ್ಪ್ರಿಂಗ್ ಪಟ್ಟಿ ತೂಗುವ ಕಡೆ, ಸದ್ದು ದಪ್ ಎಂದಿತು. ಸ್ಕ್ರೂಡ್ರೈವರ್ ಒತ್ತಿದರೆ ಬಿಸ್ಕತ್ತಿಗೆ ಚುಚ್ಚಿದಂತೆ ಒಳಗೆ ಹೋಯಿತು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಪದರ ಪದರವಾಗಿ ಉಬ್ಬಿ ಸೀಳುತ್ತದೆ. ಹೊರಗಿನ ಬಣ್ಣ ಸರಿಯಾಗೇ ಇತ್ತು. ತಿಂದದ್ದು ಒಳಗಿನಿಂದ.

ಭಾವಮೈದುನ ಬಗ್ಗಿ ನೋಡಿದ. ಬೆಳಗ್ಗೆ ತಾನೇ ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಹೋಗಿ ಬಂದಿದ್ದ. ಆ ಸೀಟು ಸರಿಯಾಗಿ ಆ ತೂತಿನ ಮೇಲೆಯೇ ಇತ್ತು. ಅವನು ಮತ್ತೆ ನಗಲಿಲ್ಲ.

ಮರುದಿನ ಒಂದು ಟೆಂಪೋದ ಮೇಲೆ ಜೀಪನ್ನೇರಿಸಿ ಶಿರಾಕ್ಕೆ ಒಯ್ದೆವು. ಅಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಗ್ಯಾರೇಜಿದೆ. ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಅಂತೂ ಇಂತೂ ಪಾಸಾಗಿ, ಐಟಿಐಯಲ್ಲಿ ವೆಲ್ಡರ್ ಕಲಿತವನು. ಅವನ ತಂದೆ ಆಗ ನನ್ನ ಮುಂದೆ ಬಂದು, "ನಮ್ ಹುಡುಗ ಕೆಟ್ಟೋದ ಸಾರ್, ಕಾಲೇಜು ಬೇಡ ಅಂತಾನೆ" ಎಂದು ಅಲವತ್ತುಕೊಂಡಿದ್ದರು. ಅದೇ ಹುಡುಗ ಈಗ ಅರ್ಧ ಗಂಟೆ ಮಾತಿಲ್ಲದೆ ಗಾಡಿ ಪರೀಕ್ಷಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದ.

ಭಾವಮೈದುನನಿಗೆ ಯಾರೋ ಒಂದು ಅಗ್ಗದ ಉಪಾಯ ಹೇಳಿಕೊಟ್ಟಿದ್ದರು. ಗುಜರಿಯಿಂದ ಇನ್ನೊಂದು ಚಾಸಿ ತರುವುದು, ನಮ್ಮ ಚಾಸಿಯಲ್ಲಿ ನಂಬರು ಕೊರೆದ ತುಂಡನ್ನು ಕತ್ತರಿಸಿ ಅದಕ್ಕೆ ಬೆಸೆಯುವುದು. ಅವನು ಸಂಕೋಚದಿಂದಲೇ ಕೇಳಿದ.

"ಅದು ಆಗಕಿಲ್ಲ ಅಣ್ಣ" ಎಂದ ವೆಲ್ಡರ್. "ಗುಜರಿ ಚಾಸಿ ಯಾವ ಗಾಡೀದೋ, ಕದ್ದಿದ್ದೋ, ಬಿದ್ದಿದ್ದೋ. ಆ ಕೆಲಸ ಮಾಡೋದಾದ್ರೆ ಬೇರೆ ಕಡೆ ನೋಡ್ಕಳಿ."

ಅವನು ಹೇಳಿದ್ದು ಸರಿ. ಚಾಸಿಯ ಮೇಲೆ ಕೊರೆದ ಸಂಖ್ಯೆಯೇ ಗಾಡಿಯ ಗುರುತು, ನೋಂದಣಿ ಪತ್ರದಲ್ಲಿರುವುದೂ ಅದೇ. ಅದನ್ನು ತಿದ್ದುವುದು ಅಪರಾಧ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಗಾಡಿಯ ಮೂಲ ವಿವರ ಬದಲಾಗುವಂಥ ಮಾರ್ಪಾಡಿಗೆ ಸಾರಿಗೆ ಕಚೇರಿಯ ಒಪ್ಪಿಗೆ ಬೇಕು. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷ, ಆಮೇಲೆ ತಪಾಸಣೆಗೊಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇಡೀ ಚಾಸಿ ಹೋಗಿದ್ದರೆ ಬಿಲ್ಲು ಸಮೇತ ಬೇರೆ ಚಾಸಿ ತಂದು, ಅರ್ಜಿ ಕೊಟ್ಟು ಬದಲಿಸಬೇಕಿತ್ತು. ನಮ್ಮ ಪುಣ್ಯ, ಸ್ಟೀರಿಂಗಿನ ಭಾಗ, ನಂಬರಿದ್ದ ಭಾಗ ಗಟ್ಟಿಯಾಗಿದ್ದವು. ಕೆಟ್ಟದ್ದು ಹಿಂದಿನ ತುದಿ ಮಾತ್ರ. ಅಷ್ಟನ್ನು ಕತ್ತರಿಸಿ ಹೊಸದಾಗಿ ಕಟ್ಟಬಹುದು ಎಂದ. ಖರ್ಚು ಕೇಳಿ ಭಾವಮೈದುನ ಒಂದು ಕ್ಷಣ ಸುಮ್ಮನಾದ. ಆಮೇಲೆ, "ಈ ವರ್ಷ ಹುಣಸೆ ದುಡ್ಡು ಇದಕ್ಕೇ ಅನ್ನಿ" ಎಂದ.

ಕೆಲಸ ಹತ್ತು ದಿನ ಹಿಡಿಯಿತು. ನಡುವಿನ ಒಂದು ಸಂಜೆ ಹುಡುಗಿಯ ಜೊತೆ ಊರಾಚೆಯ ಒಣಹಳ್ಳಕ್ಕೆ ಹೋದೆ. ಮರಳಿನ ಮೇಲೆ ಅಲ್ಲಲ್ಲಿ ಕಪ್ಪು ಗೆರೆಗಳಿದ್ದವು. ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತ ಆಡಿಸಿದರೆ ಕಪ್ಪು ಮರಳು ಮೀಸೆಯಂತೆ ಅಂಟಿಕೊಂಡಿತು. ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. 1800ರಲ್ಲಿ ಈ ಸೀಮೆಯಲ್ಲಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕನನ್, ಮಧುಗಿರಿ ಮತ್ತು ಚನ್ನರಾಯನದುರ್ಗದ ಕಡೆ ಮಳೆಗಾಲದ ತೊರೆಗಳು ಬಂಡೆಗಳಿಂದ ಹೊತ್ತು ತರುವ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಆ ಕಬ್ಬಿಣವನ್ನು ಮಣ್ಣಿನ ಮೂಸೆಯಲ್ಲಿ ತಂಗಡಿ ಕಡ್ಡಿಯ ಜೊತೆ ಮುಚ್ಚಿ ಕಾಯಿಸಿದರೆ ಉಕ್ಕು. ಕಡ್ಡಿಯ ಇಂಗಾಲ ಕಬ್ಬಿಣಕ್ಕೆ ಸೇರಿ ಗಟ್ಟಿಯಾಗುತ್ತಿತ್ತು. ನಾನು ಬಸ್ಸಿನ ಕಿಟಕಿಯಿಂದ ನೋಡುತ್ತ ಬಂದ ಅದೇ ತಂಗಡಿ!

ಹುಡುಗಿ ಬೆಂಕಿಪೊಟ್ಟಣದ ಕೆಂಪು ಪುಡಿಗೂ ಅಯಸ್ಕಾಂತ ಹಿಡಿದಳು. ಒಂದೆರಡು ಚೂರು ಬಿಟ್ಟರೆ ಮಿಕ್ಕದ್ದು ಅಲುಗಲಿಲ್ಲ. "ಎರಡೂ ಕಬ್ಬಿಣಾನೇ ಅಂದ್ರಲ್ಲ ಮಾವ?" ಎಂದಳು. ಎರಡರಲ್ಲೂ ಕಬ್ಬಿಣ ಆಮ್ಲಜನಕದ ಜೊತೆಗಿದೆ, ಕೂಡಿರುವ ರೀತಿ ಬೇರೆ ಎಂದು ವಿವರಿಸಿದೆ. ಕಮ್ಮಾರರು ಇದ್ದಲು ಸುಟ್ಟು, ತಿದಿ ಒತ್ತಿ, ಅದಿರಿನಿಂದ ಆಮ್ಲಜನಕವನ್ನು ಬಿಡಿಸುತ್ತಿದ್ದರು. ಕಾವಲು ತಪ್ಪಿದರೆ ಕಬ್ಬಿಣ ಮತ್ತೆ ಆಮ್ಲಜನಕವನ್ನು ಕೂಡಿಕೊಂಡು ಮಣ್ಣಿನ ದಾರಿ ಹಿಡಿಯುತ್ತದೆ. "ಹಂಗಾರೆ ಅಪ್ಪ ಮಣ್ಣು ಅಂದಿದ್ದೂ ಪೂರ್ತಿ ಸುಳ್ಳಲ್ಲ" ಎಂದು ನಕ್ಕಳು.

ಗ್ಯಾರೇಜಿನಲ್ಲಿ ನಾನು ಮತ್ತೆ ವಿದ್ಯಾರ್ಥಿಯಾದೆ. ಅವನು ಮೊದಲು ಬ್ಯಾಟರಿ ಕಳಚಿದ. ಡೀಸೆಲ್ ಟ್ಯಾಂಕು ಬಿಚ್ಚಿ ದೂರ ಇಟ್ಟ. ಖಾಲಿ ಟ್ಯಾಂಕೂ ಅಪಾಯವೇ, ಒಳಗೆ ಆವಿ ನಿಂತಿರುತ್ತದೆ. ಬಾಡಿಯನ್ನು ಮೇಲೆತ್ತಿ, ಚಾಸಿ ಬಾಗದಂತೆ ಆಧಾರ ಕೊಟ್ಟ. ಆಮೇಲೆ ದಾರ ತೆಗೆದುಕೊಂಡು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಅಳೆದ. "ಕರ್ಣ ಸಾರ್" ಎಂದ. ಆಯತದ ಎರಡು ಕರ್ಣಗಳು ಸಮ ಎಂದು ಅವನ ಕೈಯಲ್ಲಿ ನೂರು ಸಲ ಬರೆಸಿದ್ದವರು ನಮ್ಮ ಗಣಿತದ ಮೇಷ್ಟ್ರು. ಅಳತೆ ತಪ್ಪಿದರೆ ಗಾಡಿ ಏಡಿಯಂತೆ ಓರೆಯಾಗಿ ನಡೆಯುತ್ತದಂತೆ. ಹೊಳೆಯುವ ಲೋಹ ಸಿಗುವವರೆಗೂ ತುಕ್ಕನ್ನು ಕತ್ತರಿಸಿ ತೆಗೆದ. ಹಳೆಯದರಷ್ಟೇ ದಪ್ಪದ ಉಕ್ಕಿನಲ್ಲಿ ಹಿಂದಿನ ತುಂಡುಗಳನ್ನು ಕಟ್ಟಿ ಬೆಸೆದ. ಬೆಸುಗೆಯ ಮೇಲೆ ಹೊದಿಸಿದ ತಗಡಿನ ಅಂಚನ್ನು ಓರೆಯಾಗಿ ಕತ್ತರಿಸಿದ್ದ. ನೇರ ಅಡ್ಡಗೆರೆಯಲ್ಲಿ ಬೆಸೆದರೆ ಭಾರವೆಲ್ಲ ಒಂದೇ ಗೆರೆಗೆ ಬಿದ್ದು ಅಲ್ಲೇ ಸೀಳುತ್ತದೆ ಎಂಬುದು ಅವನ ವಿವರಣೆ. ಕೊನೆಗೆ ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಬಣ್ಣ, ಟೊಳ್ಳಿನೊಳಗೆ ಮೇಣದ ಲೇಪ. ನೀರು ಇಳಿಯುವ ತೂತುಗಳನ್ನು ಬಿಡಿಸಿಟ್ಟ.

ರೆಡ್ ಆಕ್ಸೈಡೂ ಕಬ್ಬಿಣದ ಆಕ್ಸೈಡೇ ಎಂದು ತಿಳಿದಾಗ ಹುಡುಗಿಗೆ ಆಶ್ಚರ್ಯ. "ತುಕ್ಕಿಗೆ ತುಕ್ಕೇ ಕಾವಲಾ?" ಎಂದಳು. ಆಗಲೇ ಆಕ್ಸೈಡಾದದ್ದು ಮತ್ತೆ ತುಕ್ಕು ಹಿಡಿಯುವಂತಿಲ್ಲ, ನೀರು ಗಾಳಿಗೆ ಅಡ್ಡ ನಿಲ್ಲುತ್ತದೆ ಅಷ್ಟೆ ಎಂದೆ.

ಹನ್ನೊಂದನೆಯ ದಿನ ಜೀಪು ಹುಲಿಕುಂಟೆ ಕಡೆಗೆ ಮರಳಿತು. ಹಿಂದಿನ ಸೀಟಿನಲ್ಲಿ ಹೆಣ್ಣುಮಕ್ಕಳ ಜೊತೆ ನಾನೂ ಕೂತೆ. ತೋಟದ ಕಲ್ಲುದಾರಿಯಲ್ಲಿ ಗಾಡಿ ಎಗರಿದಾಗಲೆಲ್ಲ ಭಾವಮೈದುನ ಕಿವಿಗೊಟ್ಟು ಕೇಳುತ್ತಿದ್ದ. ಮನೆ ತಲುಪಿದ ಮೇಲೆ ಹುಡುಗಿ ನೆಲದ ಮೇಲೆ ಹಳೆಯ ಪೇಪರು ಹಾಸಿದಳು. ಬೆಳಗ್ಗೆ ನೋಡಿದರೆ ಅದರ ಮೇಲೆ ಒಂದೆರಡು ಬೇವಿನೆಲೆ ಮಾತ್ರ ಬಿದ್ದಿದ್ದವು. ಪ್ರತಿ ತಿಂಗಳು ಮೊದಲ ಭಾನುವಾರ ಜೀಪಿನಡಿ ಸುತ್ತಿಗೆ ತಟ್ಟಿ ನೋಡುವ ಕೆಲಸವನ್ನು ಅವಳ ಅಪ್ಪ ಅವಳಿಗೇ ವಹಿಸಿದ್ದಾನೆ.

ಕಪ್ಪು ಮರಳಿನದೊಂದು, ಕೆಂಪು ಪುಡಿಯದೊಂದು, ಎರಡು ಬೆಂಕಿಪೊಟ್ಟಣ ನನ್ನ ಚೀಲದಲ್ಲಿ ತುಮಕೂರಿಗೆ ಬಂದವು. ಶಾಲೆ ತೆರೆದ ದಿನ ಮೇಜಿನ ಮೇಲಿಟ್ಟು ಪಾಠ ಅಲ್ಲಿಂದಲೇ ಶುರು ಮಾಡುತ್ತೇನೆ.