ಮಳೆಗಾಲಕ್ಕೆ ಮೊದಲು ಟಯರು

ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿಯನ್ನಿಳಿಯುವ ನಾವು ಮುಂಗಾರಿಗೆ ಮೊದಲೇ ಕಾರಿನ ಟಯರುಗಳನ್ನು ನೋಡಿಕೊಳ್ಳತಕ್ಕದ್ದು. ಕಚ್ಚುಗಳು ಸವೆದರೆ ನೀರು ಹೊರಹೋಗದೆ ಗಾಲಿಯು ತೇಲುವುದು, ಬ್ರೇಕು ಹಿಡಿಯದು. ಕಾನೂನಿಗೆ 1.6 ಮಿಲಿಮೀಟರು ಆಳ ಸಾಕು; ನಮ್ಮ ಮಲೆನಾಡಿನ ಮಳೆಗೆ 3 ಆದರೂ ಇರಲೆಂಬುದು ನಮ್ಮ ಮತ.

ಅಂಗಡಿಯಲ್ಲಿ ಹೊಳಪಿಗೆ ಮರುಳಾಗದೆ ಪಕ್ಕೆಯ ನಾಲ್ಕು ಅಂಕೆಗಳನ್ನು ಓದಬೇಕು. 2325 ಎಂದಿದ್ದರೆ ಅದು 2025ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದುದು. ಬಹುಕಾಲ ಕುಳಿತ ರಬ್ಬರು ಗಡುಸಾಗುವುದು.

ಕಾಫಿಯ ಹಣ ಕೈಸೇರುವ ತನಕ ಎರಡೇ ಕೊಳ್ಳುವಷ್ಟು ಅನುಕೂಲವಿದ್ದರೆ, ಹೊಸವನ್ನು ಹಿಂದಿನ ಗಾಲಿಗಳಿಗೇ ಹಾಕಿಸಬೇಕು. ಮುಂದಿನ ಗಾಲಿಗಳೇ ಎಳೆಯುವ ಕಾರಿಗೂ ಇದೇ ಕ್ರಮವೆಂದರೆ ಹಲವರು ನಗುವರು! ಮುಂದಿನವು ಜಾರಿದರೆ ವೇಗ ತಗ್ಗಿಸಿ ಸಾವರಿಸಿಕೊಳ್ಳಬಹುದು. ತಿರುವಿನಲ್ಲಿ ಹಿಂದಿನವು ಜಾರಿದರೆ, ಮಕ್ಕಳುಮರಿಗಳು ಕುಳಿತ ಕಾರೇ ಗಿರ್ರನೆ ತಿರುಗಿ ಕಣಿವೆಗೆ ಮುಖಮಾಡುವುದು.