ಕಾಲಿಗೆರಗುವಾಗ ಕಣ್ಣು ತೆರೆದಿರಲಿ

ಮುಖಕ್ಕೆ ಕನ್ನಡಿಯುಂಟು, ತಲೆಗೆ ಎಣ್ಣೆಯುಂಟು, ಹಲ್ಲಿಗೆ ದಿನಕ್ಕೆರಡು ಹೊತ್ತಿನ ಉಪಚಾರವುಂಟು. ಮೈಭಾರವನ್ನೆಲ್ಲ ಹೊರುವ ಕಾಲಿಗೆ ಮಾತ್ರ ಸ್ನಾನದ ಕೊನೆಯಲ್ಲಿ ಉಳಿದ ಒಂದು ತಂಬಿಗೆ ನೀರು! ಅದು ನೊಂದು ಕೂಗುವ ತನಕ ನಮಗೆ ಅದರ ನೆನಪಿಲ್ಲ.

ಪುಣೆಗೆ ಬಂದ ನಮ್ಮವರಲ್ಲಿ ನಿಂತೇ ಅನ್ನ ಸಂಪಾದಿಸಿದವರು ಬಹಳ. ಹೋಟೆಲಿನ ಕಾವಲಿಯ ಮುಂದೆ, ಕಾರ್ಖಾನೆಯ ಯಂತ್ರದ ಬಳಿ, ಶಾಲೆಯ ಕರಿಹಲಗೆಯ ಪಕ್ಕ ನಿಂತವರ ಕಾಲುಗಳಿವು. ಕಾಲಿನ ರಕ್ತ ಹೃದಯದ ಕಡೆಗೆ ಮೇಲೇರಬೇಕು. ರಕ್ತನಾಳದೊಳಗಿನ ಪುಟ್ಟ ಕವಾಟಗಳು ಅದು ಹಿಂದೆ ಜಾರದಂತೆ ತಡೆದರೆ, ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ಮೇಲಕ್ಕೆ ದೂಡುತ್ತವೆ. ನಿಂತಲ್ಲೇ ನಿಂತರೆ ಈ ಪಂಪು ನಡೆಯದು. ಕವಾಟಗಳು ಸೋತಾಗ ರಕ್ತ ಕೆಳಗೇ ಉಳಿದು ನಾಳಗಳು ಗಂಟುಗಂಟಾಗಿ ಉಬ್ಬುತ್ತವೆ. ವೈದ್ಯರು ಇದನ್ನೇ ವೆರಿಕೋಸ್ ವೇನ್ಸ್ ಎನ್ನುವುದು. ನಡುನಡುವೆ ನಾಲ್ಕು ಹೆಜ್ಜೆ ನಡೆಯುವುದು, ಹಿಮ್ಮಡಿ ಎತ್ತಿ ಇಳಿಸುವುದು, ರಾತ್ರಿ ಕಾಲನ್ನು ದಿಂಬಿನ ಮೇಲಿಡುವುದು ಹಿತ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಮಾತ್ರ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಇನ್ನು ನಮ್ಮ ಗೃಹಿಣಿಯರು. ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲು ಇಲ್ಲಿನ ಹಳೆಯ ಮನೆಗಳಲ್ಲೆಲ್ಲ ಹಾಸಿದೆ. ತವರಿನ ಕಲ್ಲೆಂದು ಅದಕ್ಕೇನು ಕರುಣೆಯೇ? ಬರಿಗಾಲಲ್ಲಿ ಹೊತ್ತುಗಟ್ಟಲೆ ನಿಂತವರಿಗೆ ಬೆಳಿಗ್ಗೆ ಹಾಸಿಗೆಯಿಂದಿಳಿದ ಮೊದಲ ಹೆಜ್ಜೆಗೇ ಹಿಮ್ಮಡಿಯಲ್ಲಿ ಮೊಳೆ ಹೊಡೆದಂತಾಗುತ್ತದೆ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಧರಿಸಿದರೆ ಮಡಿಗೆ ಭಂಗವೆಂದು ಗೊಣಗುವವರು, ಆ ಮೊದಲ ಹೆಜ್ಜೆಯನ್ನೊಮ್ಮೆ ತಾವು ಇಟ್ಟು ನೋಡಲಿ.

ಆದರೆ ನೋಯುವ ಕಾಲಿಗಿಂತ ನೋಯದ ಕಾಲೇ ಅಪಾಯ. ನಮ್ಮ ದೊಡ್ಡಪ್ಪ 1961ರ ಪಾನಶೇತ್ ಪ್ರವಾಹದ ಮರುವರ್ಷ ಹುಡುಗನಾಗಿ ಪುಣೆಗೆ ಬಂದು, ನಲವತ್ತು ವರ್ಷ ಕಾವಲಿಯ ಮುಂದೆ ನಿಂತು ನಮ್ಮನ್ನೆಲ್ಲ ಓದಿಸಿದವರು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಮಂಕಾಗಿತ್ತು. ಚಪ್ಪಲಿಯ ಮೊಳೆ ಕಿರುಬೆರಳ ಬಳಿ ಕೊರೆದದ್ದು ಅವರಿಗೆ ತಿಳಿಯಲೇ ಇಲ್ಲ. ದೀಪಾವಳಿಯ ದಿನ ನಮಸ್ಕಾರಕ್ಕೆ ಬಗ್ಗಿದ ಮೊಮ್ಮಗಳು, "ಅಜ್ಜಾ, ಕಾಲುಚೀಲ ಯಾಕೆ ಒದ್ದೆ?" ಎಂದಳು. ಬೆರಳು ಹೋಯಿತು, ಕಾಲು ಉಳಿಯಿತು. ನಾವು ಹತ್ತಾರು ಜನ ಅದಕ್ಕೂ ಮೊದಲೇ ಆ ಪಾದ ಮುಟ್ಟಿ ಆಶೀರ್ವಾದ ಪಡೆದು ಫರಾಳಕ್ಕೆ ಕುಳಿತಿದ್ದೆವು. ಕಾಲುಚೀಲ ಕಂಡವಳು ಅವಳೊಬ್ಬಳೇ.

ಸಕ್ಕರೆ ಕಾಯಿಲೆಯವರ ಪಾದವನ್ನು ದಿನವೂ ನೋಡಬೇಕು. ಬೆರಳ ಸಂದು ಒರೆಸಬೇಕು, ಬಿಸಿನೀರನ್ನು ಮೊದಲು ಮೊಣಕೈಯಿಂದ ಪರೀಕ್ಷಿಸಬೇಕು, ಚಪ್ಪಲಿಯನ್ನು ಕೊಡವಿ ಮೆಟ್ಟಬೇಕು. ಆಣಿಯನ್ನು ಬ್ಲೇಡಿನಿಂದ ಕೆತ್ತಲೇಬಾರದು.

ಈ ಊರು ಕಾಲಿನ ಬೆಲೆ ಬಲ್ಲದು. ಆಷಾಢ ಏಕಾದಶಿಗೆಂದು ಆಳಂದಿ, ದೇಹೂಗಳಿಂದ ಹೊರಟ ಪಾಲಖಿಗಳು ಪುಣೆಯಲ್ಲಿ ತಂಗಿದಾಗ, ಸುಮಾರು 250 ಕಿಲೋಮೀಟರು ದೂರದ ಪಂಢರಪುರಕ್ಕೆ ನಡೆದು ಹೊರಟ ವಾರಕರಿಗಳ ಕಾಲನ್ನು ಗುರುತು ಪರಿಚಯವಿಲ್ಲದವರು ಒತ್ತುತ್ತಾರೆ, ಚಮ್ಮಾರರು ಕಾಸು ಕೇಳದೆ ಚಪ್ಪಲಿ ಹೊಲಿದುಕೊಡುತ್ತಾರೆ. ದಾರಿಹೋಕರಿಗೆ ಸಲ್ಲುವ ಈ ಸೇವೆ ಮನೆಯ ಹಿರಿಯರಿಗೂ ಸಲ್ಲಬೇಡವೇ? ಅವರಾಗಿ ಹೇಳಲಾರರು, ಮಕ್ಕಳೆದುರು ಕಾಲು ಚಾಚುವುದೂ ಅವರಿಗೆ ಸಂಕೋಚ. ಆದ್ದರಿಂದ ಬಂಧುಗಳೇ, ಮುಂದಿನ ಹಬ್ಬದಲ್ಲಿ ಕಾಲಿಗೆರಗಿದಾಗ ಒಂದು ಗಳಿಗೆ ಹೆಚ್ಚು ಬಗ್ಗಿರೋಣ.