ಮಾನಪೌರಿಯಿಂದ ಕಣಿವೆ ದಾಟಿ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಮಾನಪೌರಿ ಸರೋವರದಿಂದ ವಾಯಾವ್ ನದಿ ಹೊರಬೀಳುವ ಕಡೆ ಬೋಟು ಹತ್ತಿದೆವು. ಈ ಪೂರ್ವದ ದಡ ತಗ್ಗು. ತುಂಬ ಆಳದ ನೀರು ಮುಂದಿದೆ ಎಂಬ ಸುಳಿವನ್ನೇ ಕೊಡುವುದಿಲ್ಲ. ಹಿಮಯುಗದಲ್ಲಿ ಪಶ್ಚಿಮದ ಬೆಟ್ಟಗಳಿಂದ ಇಳಿದ ಹಿಮನದಿ ಕಣಿವೆಯನ್ನು ಉಜ್ಜಿ ಕೆತ್ತಿ, ಆ ಕಲ್ಲುಮಣ್ಣನ್ನೆಲ್ಲ ಇಲ್ಲಿ ತಂದು ಸುರಿದು ಕರಗಿಹೋಯಿತು. ಆ ರಾಶಿಯೇ ಒಡ್ಡಾಗಿ, ಹಿಂದಿನ ಹೊಂಡದಲ್ಲಿ ನೀರು ನಿಂತಿತು.

ಪಶ್ಚಿಮಕ್ಕೆ ಹೋದಂತೆ ದಡವೆಂಬುದೇ ಇಲ್ಲವಾಯಿತು. ಬಂಡೆ ನೇರ ನೀರಿಗಿಳಿಯುತ್ತದೆ. ಅದರ ಮೇಲೆ ಮಣ್ಣು ಇಲ್ಲವೆನ್ನುವಷ್ಟು ಕಡಿಮೆ. ಬೀಚ್ ಮರಗಳು ಪಾಚಿಯಲ್ಲಿ ಬೇರುಬಿಟ್ಟು, ಒಂದರ ಬೇರನ್ನೊಂದು ಹಿಡಿದು ನಿಂತಿವೆ. ಜಡಿಮಳೆಗೆ ಮೇಲಿನದೊಂದು ಜಾರಿದರೆ ಕೆಳಗಿನವನ್ನೂ ಎಳೆದುಕೊಂಡೇ ಬೀಳುತ್ತದೆ. ಹಾಗೆ ಬೋಳಾದ ಬೂದು ಪಟ್ಟಿಗಳು ಹಸಿರಿನ ನಡುವೆ ಅಲ್ಲಲ್ಲಿ ಕಂಡವು.

ಸರೋವರದ ಮೇಲ್ಮೈ ಸಮುದ್ರ ಮಟ್ಟದಿಂದ ಸುಮಾರು 178 ಮೀಟರ್ ಎತ್ತರದಲ್ಲಿದೆ. ಆಳ 444 ಮೀಟರ್. ಅಂದರೆ ತಳ ಸಮುದ್ರ ಮಟ್ಟಕ್ಕಿಂತಲೂ 260 ಮೀಟರಿಗೂ ಹೆಚ್ಚು ಕೆಳಗೆ! ಕಡಲಿಗೆ ಹರಿಯುವ ನದಿ ಅಷ್ಟು ಕೆಳಕ್ಕೆ ಕೊರೆಯಲಾರದು. ನೂರಾರು ಮೀಟರ್ ದಪ್ಪದ ಹಿಮಕ್ಕೆ ಅಂಥ ಎಲ್ಲೆಯಿಲ್ಲ. ಅದು ತನ್ನ ತೂಕದಿಂದ ಒತ್ತಿ ಜಾರುತ್ತ ತಳವನ್ನು ತೋಡುತ್ತದೆ.

ಸರೋವರಕ್ಕೂ ಕಡಲಿಗೂ ಇರುವ ಈ 178 ಮೀಟರ್ ಅಂತರವೇ ಎಂಜಿನಿಯರುಗಳ ಕಣ್ಣಿಗೆ ಬಿದ್ದದ್ದು. ಪಶ್ಚಿಮ ತುದಿಯ ಬಂಡೆಯೊಳಗೆ ವಿದ್ಯುದಾಗಾರವಿದೆ. ಅಲ್ಲಿ ಧುಮುಕಿದ ನೀರು ಸುಮಾರು 10 ಕಿಲೋಮೀಟರ್ ಸುರಂಗದಲ್ಲಿ ಹರಿದು ಆಚೆಯ ಡೌಟ್‌ಫುಲ್ ಸೌಂಡ್ ಎಂಬ ಕಡಲ ಕೊಲ್ಲಿಯನ್ನು ಸೇರುತ್ತದೆ. ಸರೋವರದ ಮಟ್ಟವನ್ನೇ 30 ಮೀಟರ್‌ವರೆಗೆ ಏರಿಸುವ ಯೋಜನೆಯೂ ಇತ್ತು. ನಾನು ನೋಡಿದ ದಡದ ಕಾಡೆಲ್ಲ ಮುಳುಗಬೇಕಿತ್ತು. 1970ರಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಅದರ ವಿರುದ್ಧ ಸಹಿ ಹಾಕಿದರು. 1972ರ ಚುನಾವಣೆಯಲ್ಲಿ ಗೆದ್ದ ನಾರ್ಮನ್ ಕರ್ಕ್ ಸರ್ಕಾರ ನೀರನ್ನು ಏರಿಸದಿರಲು ತೀರ್ಮಾನಿಸಿತು. ಆ ಸಹಿಗಳಿಂದಲೇ ಈ ದಡ ನಮಗೂ ದಕ್ಕಿದ್ದು ಎಂದು ಬೋಟಿನಲ್ಲಿ ಮತ್ತೆ ಮತ್ತೆ ಅನಿಸಿತು.

ಸರೋವರದ ಪಶ್ಚಿಮ ತುದಿಯಿಂದ ಮುಂದೆ ಬಸ್ಸು. 671 ಮೀಟರ್ ಎತ್ತರದ ವಿಲ್ಮಟ್ ಪಾಸ್ ಹತ್ತಿಳಿದರೆ ಆ ಕೊಲ್ಲಿಯ ಒಳತುದಿಯಾದ ಡೀಪ್ ಕೋವ್. ಮತ್ತೆ ಅವೇ ಕಡಿದಾದ ಗೋಡೆಗಳು, ಅದೇ ಹಿಮದ ಕೆತ್ತನೆ. ಆದರೆ ಇಲ್ಲಿ ತುಂಬಿರುವುದು ಕಡಲು. ಡೌಟ್‌ಫುಲ್ ಸೌಂಡಿನ ಆಳ 421 ಮೀಟರ್. ಒಳನಾಡಿನ ಮಾನಪೌರಿಗಿಂತ ತುಸು ಕಡಿಮೆಯೇ. ಉಪ್ಪುನೀರಿನ ಮೇಲೆ ಮಳೆಯ ನೀರಿನ ಜೊತೆ ಸುರಂಗದಿಂದ ಬಂದ ಮಾನಪೌರಿಯ ನೀರೂ ತೇಲುತ್ತಿರುತ್ತದೆ. ಹಗುರವಾದ್ದರಿಂದ ಅದು ಕೆಳಗಿಳಿಯದೆ, ತೆಳು ಪದರವಾಗಿ ಟ್ಯಾಸ್ಮನ್ ಸಮುದ್ರದತ್ತ ಹರಿಯುತ್ತದೆ.